ಮೊದಲ ಬುಟ್ಟಿಯ ಕಾಗದ

ಒಣಗಿದ ಬೇವಿನ ಎಲೆ, ಕರ್ಪೂರ, ಹಳೇ ಕಾಗದ. ಈ ಮೂರೂ ಕೂಡಿದ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತೇನೆ. ಮೊನ್ನೆ ನಾನು ಇತಿಹಾಸ ಕಲಿಸುವ ನವಲಗುಂದದ ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿನಿ ಮನೆಯಿಂದ ಹಳೇ ಕಾಗದಗಳ ಅರಿವೆಯ ಗಂಟೊಂದನ್ನು ತಂದು ನನ್ನ ಟೇಬಲ್ ಮೇಲೆ ಬಿಚ್ಚಿದಳು. "ಮೇಡಂ, ಇದರಾಗ ಏನ್ ಬರದೈತಿ ನೋಡ್ರಿ. ನಮ್ಮ ಮನೆತನದ್ದು ಏನೋ ದೊಡ್ಡ ಸುದ್ದಿ ಐತಂತ ನಮ್ಮಜ್ಜ ಹೇಳ್ತಾನ" ಅಂದಳು. ನಾನು ಗಂಟು ಮುಟ್ಟುವ ಮೊದಲೇ ಕೇಳಿದೆ: "ದೊಡ್ಡ ಸುದ್ದಿ ಇಲ್ಲಂತ ಗೊತ್ತಾದ್ರ ನಿಮ್ಮ ಮನ್ಯಾಗ ತಡಕೋತಾರೇನವಾ?" ಹುಡುಗಿ ಚೇಷ್ಟೆ ಅಂದುಕೊಂಡು ನಕ್ಕಳು. ನಾನು ಮಾತ್ರ ಎಂ.ಎ. ಎರಡನೇ ವರ್ಷದ ಆ ಬೇಸಿಗೆಯೊಳಗೆ ಹೋಗಿಬಿಟ್ಟಿದ್ದೆ.

ನಮ್ಮೂರು ಶಲವಡಿಯಿಂದ ಒಂದಿಷ್ಟು ಆಚೆ. ಕರಿಮಣ್ಣಿನ ಸೀಮೆ. ಎಲ್ಲಿ ಬಾವಿ ತೋಡಿದರೂ ಸವಳು ನೀರು, ಬಾಯಿಗೆ ಹಾಕಿದರೆ ಮುಖ ಕಿವುಚಬೇಕು. ಕುಡಿಯುವ ನೀರೆಂದರೆ ಕೆರೆಯದೇ. ಮಳೆಯ ನೀರು ಬಂದು ನಿಲ್ಲಬೇಕು, ಈಗೀಗ ಕಾಲುವೆಯ ನೀರನ್ನೂ ಬಿಡುತ್ತಾರೆ, ಅದನ್ನೇ ಊರು ವರ್ಷಪೂರ್ತಿ ಕುಡಿಯುತ್ತದೆ. ಮನೆ ಮನೆಗೆ ನಳ ಬಂದ ಮೇಲೂ ನಳದಲ್ಲಿ ಬರುವುದು ಕೆರೆಯ ನೀರೇ. ಆ ಕೆರೆಗೆ ಯಾರೂ ಚಪ್ಪಲಿ ಮೆಟ್ಟಿಕೊಂಡು ಹೋಗುವುದಿಲ್ಲ, ದನ ಇಳಿಸುವುದಿಲ್ಲ, ಅರಿವೆ ಒಗೆಯುವುದಿಲ್ಲ. ಅದನ್ನು ಕಾಯಲಿಕ್ಕೆ ಒಂದು ಮನೆತನವೇ ಇದೆ. ನಾನು ಹೇಳುತ್ತಿರುವ ವರ್ಷ ಆ ಕೆಲಸ ದುರಗವ್ವನ ಪಾಲಿಗೆ ಬಂದಿತ್ತು. ಗಂಡ ತೀರಿಕೊಂಡ ಮೇಲೆ ಅವಳೇ ಕೋಲು ಹಿಡಿದು ಒಡ್ಡಿನ ಮೇಲೆ ಕೂಡುತ್ತಿದ್ದಳು. ಎಂಥ ಸಾಹೇಬ ಬಂದರೂ "ಚಪ್ಪಲಿ ಅಲ್ಲೇ ಬಿಟ್ಟು ಬರ್ರಿ" ಅನ್ನುವ ಹೆಂಗಸು.

ವರ್ಷಕ್ಕೊಮ್ಮೆ, ರೋಹಿಣಿ ಮಳೆ ಕೂಡುವ ಮುಂಚಿನ ಸೋಮವಾರ, ಊರವರು ಕೂಡಿ ಕೆರೆಯ ಹೂಳು ತೆಗೆದು ಒಡ್ಡಿಗೆ ಹಾಕುತ್ತಾರೆ. ಈಗ ಜೆಸಿಬಿ ಬಂದರೂ ಅವತ್ತಿನ ಪದ್ಧತಿ ತಪ್ಪಿಲ್ಲ. ಮೊದಲ ಬುಟ್ಟಿ ನಮ್ಮ ಮನೆಯದು. ಅಪ್ಪ ಬರಿಗಾಲಿನಲ್ಲಿ ಬಂದು, ತಲೆಯ ಪಟಕಾ ತೆಗೆದಿಟ್ಟು, ಅರಿಷಿಣ ಕುಂಕುಮ ಹಚ್ಚಿದ ಬುಟ್ಟಿಯ ಮಣ್ಣನ್ನು ಒಡ್ಡಿನ ಮೇಲೆ ಸುರಿಯುತ್ತಿದ್ದ. ಕೆರೆ ಕಾಯುವವರು "ಬಿತ್ತು!" ಅಂತ ಕೂಗುತ್ತಿದ್ದರು. ಆ ಕೂಗು ಕೇಳಿದ ಮೇಲೆಯೇ ಉಳಿದವರು ತಮ್ಮ ಬುಟ್ಟಿಗೆ ಕೈ ಹಚ್ಚಬೇಕು. ಈ ಮಾನ ನಮಗೇ ಯಾಕೆ ಅಂದರೆ ಕೆರೆಗೆ ಭೂಮಿ ಕೊಟ್ಟವರು ನಾವಂತೆ. ನಮ್ಮಪ್ಪನ ಅಜ್ಜನ ಅಜ್ಜ ಅಂದಾನಗೌಡ, ಊರಿನ ಬಾಯಾರಿಕೆ ನೋಡಲಾರದೆ ತನ್ನ ಹೊಲ ಬಿಟ್ಟುಕೊಟ್ಟನಂತೆ. ನಂಬದವರಿಗೆ ಕಾಗದ ಇತ್ತಲ್ಲ!

ಆ ಕಾಗದ ನಮ್ಮ ದೇವರ ಜಗಲಿಯ ಮೇಲೆ ತಾಮ್ರದ ಡಬ್ಬಿಯಲ್ಲಿ ಇರುತ್ತಿತ್ತು. ಹುಳ ಬೀಳಬಾರದೆಂದು ಸುತ್ತ ಬೇವಿನ ಎಲೆ, ಒಂದೆರಡು ಕರ್ಪೂರದ ಬಿಲ್ಲೆ. ಮಹಾನವಮಿಯ ದಿನ ಕುಡಗೋಲು, ಕೊಡಲಿ, ಕೂರಿಗೆಯ ಸಾಲಿನಲ್ಲಿ ಅದನ್ನೂ ಬಿಚ್ಚಿಟ್ಟು ವಿಭೂತಿ, ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದೆವು. ಭಾಷೆ ಆಗಿನ ಕಚೇರಿಗಳ ಮರಾಠಿ, ಬರೆದದ್ದು ಅದರ ಹಳೇ ಕೂಡುಬರಹವಾದ ಮೋಡಿ ಅಕ್ಷರದಲ್ಲಿ. ಮನೆಯಲ್ಲಿ ಯಾರಿಗೂ ಓದಲಿಕ್ಕೆ ಬರುತ್ತಿರಲಿಲ್ಲ, ಊರಿನಲ್ಲೂ ಬರುತ್ತಿರಲಿಲ್ಲ. ನಾಲ್ಕು ತಲೆಮಾರು ಒಂದು ಅಕ್ಷರ ಗೊತ್ತಿಲ್ಲದೆ ಊದಿನಕಡ್ಡಿ ಬೆಳಗಿದ್ದೆವು.

ನನಗೆ ಇತಿಹಾಸ ಓದಲಿಕ್ಕೆ ಸಿಕ್ಕಿದ್ದೇ ಈ ಕಾಗದದ ಪುಣ್ಯದಿಂದ. ಬಿ.ಎ. ಮುಗಿಸಿ ಧಾರವಾಡಕ್ಕೆ ಹೋಗಿ ಇತಿಹಾಸದಲ್ಲಿ ಎಂ.ಎ. ಮಾಡುತ್ತೇನೆ ಅಂದಾಗ ಊರಿಗೂರೇ ನನಗೆ ಬುದ್ಧಿ ಹೇಳಿತು. ಪಂಚಾಯ್ತಿ ಮೆಂಬರ ಶಿವಾನಂದ ಕಾಕಾ, ಸಂಬಂಧಿಕನಲ್ಲ, ಊರ ನಾತೆಯಿಂದ ಕಾಕಾ, ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, "ಅಲ್ಲಬೇ ಸವಿತಾ, ಸತ್ತವರ ಸುದ್ದಿ ಓದಿ ಏನ್ ಕಡದ ಕಟ್ಟಿ ಹಾಕಾಕಿ? ಬದುಕಿದವರ ಸುದ್ದೀನ ಇಲ್ಲೆ ಸಾಕಾಗಿ ಹೋಗೇತಿ. ನರ್ಸಿಂಗ್ ಮಾಡು, ಒಂದ ಸೂಜಿ ಚುಚ್ಚಾಕರ ಬರತೈತಿ" ಅಂದ. ಅಪ್ಪನೂ ಅದಕ್ಕೆ ಗೋಣು ಹಾಕುವವನೇ ಇದ್ದ. ಅಷ್ಟರಲ್ಲಿ ಏನು ಹೊಳೆಯಿತೋ, "ಅಲ್ಲೆ ಮೋಡಿ ಕಲಿಸ್ತಾರೇನು?" ಅಂತ ಕೇಳಿದ. ಕಲಿಸ್ತಾರೆ ಅಂದೆ. ಖರೆ ಹೇಳಬೇಕೆಂದರೆ ಆಗ ನನಗೆ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದನ್ನು ಹೇಳಿದ್ದೆ. "ಹಂಗಾದ್ರ ಹೋಗು. ನಮ್ಮ ಕಾಗದಾ ಓದಿ ಹೇಳು. ಆಮ್ಯಾಲೆ ನೀ ಎಷ್ಟ ಓದತಿ ಅಷ್ಟ ಓದು" ಅಂದ. ಆ ಒಂದು ಮಾತಿನ ಮೇಲೆ ನಾನು ಧಾರವಾಡದ ಬಸ್ಸು ಹತ್ತಿದೆ.

ನನ್ನ ದೈವ ಚಲೋ ಇತ್ತು. ವಿಶ್ವವಿದ್ಯಾಲಯದಲ್ಲಿ ನಮ್ಮ ಸರ್ ಒಬ್ಬರು ಶನಿವಾರಕ್ಕೊಮ್ಮೆ ಮೋಡಿ ಕಲಿಸುತ್ತಿದ್ದರು. ಮೊದಲ ದಿನ ನೋಡಿ ಕಣ್ಣು ಕತ್ತಲೆಗಟ್ಟಿತು. ಹಾಳೆಯ ಆಚೆ ತುದಿಯಿಂದ ಈಚೆ ತುದಿಗೆ ಒಂದು ಗೆರೆ ಎಳೆದು, ಲೆಕ್ಕಣಿಕೆ ಎತ್ತದೆ ಅಕ್ಷರ ಪೋಣಿಸಿಕೊಂಡು ಹೋಗುತ್ತಾರೆ, ಶಬ್ದ ಎಲ್ಲಿ ಮುಗಿಯಿತು ಅಂತಲೇ ತಿಳಿಯುವುದಿಲ್ಲ. ಒಂದು ವರ್ಷ ಹಿಡಿಯಿತು ನನಗೆ ಅದು ಕೈಗೆ ಹತ್ತಲಿಕ್ಕೆ. ಸರ್ ಇನ್ನೊಂದು ಪಾಠ ಹೇಳುತ್ತಿದ್ದರು. ಯಾವ ಕಾಗದ ಕೈಗೆ ಬಂದರೂ, ಇದನ್ನು ಯಾರು ಬರೆಸಿದರು, ಬರೆಸದೇ ಇದ್ದರೆ ಯಾರಿಗೆ ಏನು ತ್ರಾಸಾಗುತ್ತಿತ್ತು ಅಂತ ಕೇಳಿಕೊಳ್ಳಬೇಕು. ಆ ಮಾತನ್ನು ನೋಟ್ಸಿನಲ್ಲಿ ಅಂದವಾಗಿ ಬರೆದುಕೊಂಡೆ. ನಮ್ಮ ಮನೆಯ ಡಬ್ಬಿಗೂ ಅದು ಲಾಗೂ ಆಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಎರಡನೇ ವರ್ಷ ಶಿವರಾತ್ರಿಯ ಸೂಟಿಗೆ ಊರಿಗೆ ಹೋದಾಗ ಕಾಗದವನ್ನು ಬಿಚ್ಚಿ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಬಂದೆ. ಹಾಸ್ಟೆಲಿನ ಕೋಣೆಯಲ್ಲಿ ಫೋಟೋ ದೊಡ್ಡದು ಮಾಡಿಕೊಂಡು ಕೂತೆ. ಮೇಲೆ 'ಶ್ರೀ' ಇತ್ತು. ಅದರ ಕೆಳಗೆ ದಾನಪತ್ರ ಅಂತ ಇರಬೇಕು ಅಂದುಕೊಂಡು ಹುಡುಕಿದೆ. ಇದ್ದದ್ದು ಮುಚ್ಚಳಿಕೆ ಅಂತ. ಫೋಟೋ ಇನ್ನಷ್ಟು ದೊಡ್ಡದು ಮಾಡಿದೆ, ಅದೇ ಇತ್ತು. ಮುಚ್ಚಳಿಕೆ ಅಂದರೆ ಇವತ್ತಿಗೂ ಎಲ್ಲರಿಗೂ ಗೊತ್ತಿರುವುದೇ. ತಪ್ಪು ಮಾಡಿ ಸಿಕ್ಕವನು, ಇನ್ನೊಮ್ಮೆ ಮಾಡುವುದಿಲ್ಲ ಅಂತ ನಾಲ್ಕು ಮಂದಿ ಮುಂದೆ ಬರೆದುಕೊಡುವ ಕಾಗದ.

ಮೂರು ದಿನ ಕೂತು ಪೂರಾ ಓದಿದೆ. ಕೆರೆ ಅಂದಾನಗೌಡನಿಗಿಂತ ಮೊದಲೇ ಇತ್ತು. ಅವನ ಹೊಲ ಕೆರೆಗೆ ಹತ್ತಿಕೊಂಡಿತ್ತು. ಒಂದು ವರ್ಷ ಮಳೆ ಹೆಚ್ಚಾಗಿ ಹಿನ್ನೀರು ಅವನ ಹೊಲದಲ್ಲಿ ನಿಂತಿತು, ಹಿಂಗಾರಿ ಜೋಳ ಬಿತ್ತಲಿಕ್ಕೆ ಬರುವಂತಿರಲಿಲ್ಲ. ಈ ಮಹಾರಾಯ ಕದ್ದು ಒಡ್ಡು ಒಡೆದುಬಿಟ್ಟ. ನೀರೆಲ್ಲ ಹರಿದು ಹೋಯಿತು, ಇವನ ಜೋಳ ಬೆಳೆಯಿತು, ಊರು ಆ ಬೇಸಿಗೆ ಸವಳು ನೀರು ಕುಡಿಯಿತು. ಕೆರೆ ಕಾಯುವವನು ಪಂಚರ ಮುಂದೆ ಸಾಕ್ಷಿ ಹೇಳಿದ. ಪಂಚರು ದಂಡ ಹಾಕಿದರು. ಒಡೆದ ಒಡ್ಡನ್ನು ಅಂದಾನಗೌಡ ತಾನೇ ಕಟ್ಟಬೇಕು. ಕೆರೆಯಲ್ಲಿ ನೀರಿರುವ ತನಕ ಅವನ ವಂಶದವರು ವರ್ಷಕ್ಕೊಮ್ಮೆ, ಎಲ್ಲರಿಗಿಂತ ಮೊದಲು, ಬರಿಗಾಲಿನಲ್ಲಿ, ಬರಿದಲೆಯಲ್ಲಿ ಬಂದು ತುಂಬಿದ ಒಂದು ಬುಟ್ಟಿ ಮಣ್ಣನ್ನು ಒಡ್ಡಿಗೆ ಹಾಕಬೇಕು. ಕೆರೆ ಕಾಯುವವನು ಕಣ್ಣಾರೆ ನೋಡಿ, ಬಿತ್ತು ಅಂತ ಊರಿಗೆ ಕೇಳುವಂತೆ ಸಾರಬೇಕು. ಮರೆಯಬಾರದೆಂದು ಕಾಗದದ ಒಂದು ಪ್ರತಿ ಅವನ ಮನೆಯಲ್ಲೇ ಇರಬೇಕು.

ಶಿವಶಿವಾ! ಹಳ್ಳಿಯಲ್ಲಿ ಗಂಡಸಿನ ತಲೆಯ ಮೇಲಿನ ಪಟಕಾ ತೆಗೆಸುವುದೆಂದರೆ ಎಂಥ ಅಪಮಾನ. ನಾವು ಅದನ್ನು ಕೆರೆಯ ದೇವತೆ ಗಂಗವ್ವನಿಗೆ ತೋರುವ ಭಕ್ತಿ ಅಂತ ತಿಳಿದಿದ್ದೆವು. ಕಾವಲುಗಾರನ ಕೂಗನ್ನು ಬಹುಪರಾಕು ಅಂತ ತಿಳಿದಿದ್ದೆವು. ಮೊದಲ ಸಲ ಓದಿದಾಗ ನಾನು ಒಬ್ಬಳೇ ಕೂತು ನಕ್ಕೆ. ಆಮೇಲೆ ಅಪ್ಪನ ಮುಖ ನೆನಪಾಗಿ ಮೊಬೈಲನ್ನು ಬೋರಲು ಹಾಕಿಟ್ಟೆ.

ಒಂದು ಆಸೆ ಉಳಿದಿತ್ತು. ವರ್ಷವರ್ಷ ಕುಂಕುಮ ಒತ್ತಿ ಒತ್ತಿ ಕಾಗದದ ನಡುವೆ ಅರ್ಧ ಸಾಲು ಮುಚ್ಚಿಹೋಗಿತ್ತು. ಅಲ್ಲೇನಾದರೂ ದಾನದ ಮಾತು ಇರಬಹುದು, ಅಪ್ಪನ ಮಾನ ಅದರೊಳಗೆ ಉಳಿದಿರಬಹುದು ಅಂದುಕೊಂಡು ಮುಂದಿನ ವಾರ ಊರಿಗೆ ಹೋಗಿ, ಅಭ್ಯಾಸಕ್ಕೆ ಬೇಕು ಅಂತ ಹೇಳಿ, ಡಬ್ಬಿಯನ್ನೇ ಧಾರವಾಡಕ್ಕೆ ಹೊತ್ತು ತಂದೆ. ಸರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಭಾಳ ಹೊತ್ತು ನೋಡಿದರು. ಕುಂಕುಮದ ಕೆಳಗೆ ಇದ್ದದ್ದು ಸಾಕ್ಷಿಯ ಹೆಸರು. ಕೆರೆ ಕಾಯುವ ದುರಗ್ಯಾ. ನಮ್ಮವನು ಕಾಗದದಲ್ಲಿ ಅಂದಾನಗೌಡ, ಅವನು ಬರೇ ದುರಗ್ಯಾ.

"ಸರ್, ಇದಕ್ಕ ಬ್ಯಾರೆ ಅರ್ಥ ಬರೂದಿಲ್ಲೇನ್ರಿ?" ಅಂತ ಕೇಳಿದೆ.

"ನಿನಗ ಯಾವ ಅರ್ಥ ಬೇಕಾಗೇತಿ ಹೇಳು" ಅಂದರು. ನಾನು ಡಬ್ಬಿಯ ಮುಚ್ಚಳ ತಿರುವುತ್ತ ಕೂತೆ. ಅವರಿಗೆ ಎಲ್ಲ ತಿಳಿಯಿತು. "ನೋಡವಾ, ನಿಮ್ಮೂರಾಗ ಇದನ್ನ ಓದಾಕಿ ನೀ ಒಬ್ಬಾಕಿ. ನೀ ಏನಂದ್ರೂ ನಡೀತೈತಿ. ಅದಕ್ಕ ಅಂಜಬೇಕು. ಒಂದ ಕಾಗದಾ ನೋಡಿ ನಂಬಬ್ಯಾಡ. ಆ ಕಾವಲುಗಾರನ ಮನ್ಯಾಗ ಏನ್ ಅಂತಾರ, ಕೇಳಿ ಬಾ."

ಡಬ್ಬಿಯನ್ನು ಜಗಲಿಗೆ ಮರಳಿಸಿ, ಕೇಳಲಿಕ್ಕೆ ಹೋದೆ. ಏಪ್ರಿಲ್ ತಿಂಗಳು, ನೆಲ ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ಕೆರೆಯಲ್ಲಿ ನಡುವೆ ಒಂದು ಮಡುವಿನಷ್ಟು ನೀರು. ದುರಗವ್ವ ಬೇವಿನ ನೆರಳಿಗೆ ಕೂತಿದ್ದಳು. ಬಾಜೂಕ ಕೂತು, ಮೊದಲ ಬುಟ್ಟಿ ನಮಗ್ಯಾಕ ಬಂತು ಗೊತ್ತೇನು ಅಂತ ಕೇಳಿದೆ. ಆಕೆ ನನ್ನ ಮುಖ ನೋಡಿದಳು, ಆಚೆ ಈಚೆ ನೋಡಿದಳು.

"ನೀವು ಭೂಮಿ ಕೊಟ್ಟವರು ಅಂತಾರಲ್ರಿ ತಂಗಿ."

"ನಿಮ್ಮ ಮನ್ಯಾಗ ಏನಂತಾರ?"

"ನಮ್ಮ ಮನ್ಯಾಗ ಅಂದದ್ದು ಯಾಕ್ ಬೇಕ್ರಿ?" ಅಂದು ಕೋಲಿನಿಂದ ನೆಲ ಗೀಚಿದಳು. ನಾನು ಎದ್ದು ಹೋಗಲಿಲ್ಲ. ಕಡೆಗೆ ದನಿ ಇಳಿಸಿ ಹೇಳಿದಳು: "ನಮ್ಮತ್ತಿ ಅಡಗೀಮನ್ಯಾಗ ಅಂತಿದ್ಲು, ಗೌಡ್ರು ಒಡ್ಡು ಒಡದಿದ್ರಂತ, ನಮ್ಮವ್ರು ಹಿಡದು ಕೊಟ್ಟಿದ್ರಂತ. ಹೊರಗ ಅನಬ್ಯಾಡ ಅಂತಿದ್ಲು. ನಿಮ್ಮ ಹೊಲಕ್ಕ ಕೂಲಿಗೆ ಬರೂ ಮಂದಿ ನಾವು, ಹೊರಗ ಅಂದು ಎಲ್ಲಿ ಹೋಗೂಣ್ರಿ?"

ಒಂದೇ ಸುದ್ದಿ. ನಮ್ಮಲ್ಲಿ ಅದು ತಾಮ್ರದ ಡಬ್ಬಿಯಲ್ಲಿ ತಿಳಿಯದ ಅಕ್ಷರದಲ್ಲಿ ಕೂತಿತ್ತು. ಅವರಲ್ಲಿ ಅಡುಗೆಮನೆಯಲ್ಲಿ ಅತ್ತೆಯಿಂದ ಸೊಸೆಗೆ ಪಿಸುಮಾತಾಗಿ ಬಂದಿತ್ತು. ನಾವು ಓದಲಾರದೆ ಮೆರೆದೆವು, ಅವರು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದರು. ಇದನ್ನು ಹಾಸ್ಟೆಲಿಗೆ ಬಂದು ಬರೆದುಕೊಳ್ಳುವಾಗ ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಅಂಜಿಕೆಯಾಯಿತು, ಯಾಕೆಂದರೆ ಇನ್ನು ನನ್ನ ಓದು ತಪ್ಪಿದೆ ಅಂತ ಹೇಳಿಕೊಳ್ಳಲಿಕ್ಕೂ ದಾರಿ ಉಳಿದಿರಲಿಲ್ಲ.

ಅದೇ ವಾರ ಅಪ್ಪನ ಫೋನು. ಕೆರೆಯ ಹೂಳೆತ್ತುವ ಕಾಮಗಾರಿ ಮಂಜೂರಾಗಿತ್ತು. ಒಡ್ಡಿನ ಬಾಯಿಗೆ ಒಂದು ಕಲ್ಲು ನಿಲ್ಲಿಸಿ ಕೆರೆಯ ಇತಿಹಾಸ ಕೆತ್ತಿಸುವುದು ಅಂತ ಪಂಚಾಯ್ತಿಯವರು ಠರಾವು ಮಾಡಿದ್ದರು.

"ಸವಿತಾ, ಕಲ್ಲ ಬಂದೈತಿ. ದಾನಿಗಳ ಹೆಸರಿನ ಜಾಗಾ ಖಾಲಿ ಬಿಟ್ಟಾರ. ಶಿವಾನಂದ ಇದಕ್ಕ ಪುರಾವಾ ಏನೈತಿ ಅಂತ ಕೇಳಿದ. ನನ್ನ ಮಗಳು ಯುನಿವರ್ಸಿಟ್ಯಾಗ ಮೋಡಿ ಕಲ್ಯಾಕತ್ತಾಳ, ಬುಟ್ಟಿ ಹಾಕೂ ದಿನ ಎಲ್ಲಾರ ಮುಂದ ಕಾಗದಾ ಓದಿ ಹೇಳ್ತಾಳ ಅಂತ ಹೇಳಿ ಬಂದೇನಿ. ಏನಂತಿ?"

ಏನಂತ ಅನ್ನಲಿ? "ಹೂಂ ಅಪ್ಪಾ" ಅಂದೆ. ಅಪ್ಪ ಅಷ್ಟು ಖುಷಿಯಿಂದ ಮಾತಾಡಿದ್ದನ್ನು ನಾನು ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನವೂ ಕೇಳಿರಲಿಲ್ಲ.

ಆ ಮುಂದಿನ ಐದಾರು ವಾರ ನಾನು ಬದುಕಿದ್ದು ಹೇಗೆಂದು ನನಗಷ್ಟೇ ಗೊತ್ತು. ಬಾಯೊಳಗೆ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕಡೆಯ ಸೆಮಿಸ್ಟರಿನ ಪರೀಕ್ಷೆ ಮೈಮೇಲೆ ಬಂದಿತ್ತು. ಪುಸ್ತಕ ತೆರೆದರೆ ಅಕ್ಷರದ ಬದಲು ಒಡ್ಡಿನ ಮೇಲೆ ಪಟಕಾ ತೆಗೆದು ನಿಂತ ಅಪ್ಪ ಕಾಣುತ್ತಿದ್ದ. ಪ್ರತಿ ಶನಿವಾರ ಇವತ್ತು ಹೇಳಿಯೇ ಬಿಡುತ್ತೇನೆ ಅಂತ ಗಟ್ಟಿ ಮಾಡಿಕೊಂಡು ಬಸ್ಸು ಹತ್ತುತ್ತಿದ್ದೆ. ಹುಬ್ಬಳ್ಳಿ ದಾಟುವ ತನಕ ಧೈರ್ಯ ಇರುತ್ತಿತ್ತು. ನವಲಗುಂದದ ಸ್ಟ್ಯಾಂಡಿನಲ್ಲಿ ನಮ್ಮೂರಿನವರು ಯಾರಾದರೂ ಸಿಕ್ಕು, "ಏನವಾ, ಕಾಗದಾ ಓದಾಕಿ ಅಂತಲ್ಲ ನೀನು! ನಿಮ್ಮಪ್ಪ ಊರ ತುಂಬ ಹೇಳಿಕೋತ ಹೊಂಟಾನ" ಅಂದರೆ ಅದು ಅಲ್ಲಿಗೇ ಇಂಗಿಹೋಗುತ್ತಿತ್ತು. ಮನೆಗೆ ಹೋದರೆ ಅಪ್ಪ ಹೊಸ ಧೋತರ ತಂದಿಟ್ಟಿದ್ದ, ಪಟಕಾಕ್ಕೆ ಗಂಜಿ ಹಾಕಿಸಿದ್ದ. ಕಲ್ಲಿನ ಮೇಲೆ ಅಂದಾನಗೌಡ ಅಂತಷ್ಟೇ ಸಾಕೋ, ಅಡ್ಡಹೆಸರೂ ಬೇಕೋ ಅಂತ ನನ್ನನ್ನೇ ಕೇಳುತ್ತಿದ್ದ. ನಾನು ಏನೋ ನೆವ ಹೇಳಿ ಹಿತ್ತಲಿಗೆ ಹೋಗಿಬಿಡುತ್ತಿದ್ದೆ.

ಒಂದೊಂದು ಸಲ ಸಿಟ್ಟೂ ಬರುತ್ತಿತ್ತು. ನರ್ಸಿಂಗ್ ಮಾಡಿದ್ದರೆ ಸೂಜಿ ಚುಚ್ಚಿ, ಪಗಾರ ತಗೊಂಡು ಆರಾಮ ಇರಬಹುದಿತ್ತು. ಅಪ್ಪನ ಎದೆಗೇ ಚುಚ್ಚುವ ವಿದ್ಯೆ ಕಲಿಯಲಿಕ್ಕೆ ನನಗ್ಯಾವ ದೆವ್ವ ಬಡಿದಿತ್ತು ಅಂತ ನನ್ನನ್ನೇ ಬೈದುಕೊಂಡಿದ್ದೇನೆ. ಅಷ್ಟಕ್ಕೂ ದೊಡ್ಡ ಮಾತೇನಿತ್ತು? ಒಂದು ಶಬ್ದ ಬದಲಿಸಿ ಓದಿದರೆ ಆಯಿತು. ದಂಡ ಅಂದಲ್ಲಿ ದಾನ ಅನ್ನಬೇಕು. ಅಂದಾನಗೌಡ ಎದ್ದು ಬಂದು ಇಲ್ಲ ಅನ್ನುತ್ತಾನೆಯೇ? ಅವನಂತೂ ಖುಷಿಯಿಂದ ಗೋಣು ಹಾಕಿಯಾನು.

ಬುಟ್ಟಿ ಹಾಕುವ ಹಿಂದಿನ ದಿನ ಅವ್ವನ ಮುಂದೆ ಬಾಯಿ ಬಿಟ್ಟೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಪೂರಾ ಕೇಳಿದಳು. ತವೆಯ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದಾಗಲೇ ಅವಳ ಮನಸ್ಸು ಎಲ್ಲಿಗೋ ಹೋಗಿದೆ ಅಂತ ನನಗೆ ತಿಳಿದದ್ದು.

"ನಾ ಈ ಮನಿಗೆ ಬಂದಾಗಿಂದ ಆ ಡಬ್ಬಿಗೆ ಅಂಜಿ ಬದುಕೇನಿ" ಅಂದಳು. "ನಿಮ್ಮಜ್ಜಿ ಅಂತಿದ್ಲು, ಕೆರಿ ಕೊಟ್ಟ ಮನಿ ಸೊಸಿ ನೀನು, ಎಲ್ಲಾರ ಕೂಡ ಕೊಡ ಹೊತ್ತು ಹೋಗಬ್ಯಾಡ ಅಂತ. ಓರಗಿಯವರೆಲ್ಲ ನಕ್ಕೋತ ನೀರಿಗೆ ಹೋಗೂದನ್ನ ನಾ ಕಿಡಕ್ಯಾಗ ನಿಂತು ನೋಡತಿದ್ದೆ." ಅವಳಿಗೆ ನಗೆ ಬಂದಿತೋ ಅಳು ಬಂದಿತೋ, ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಮ್ಮಪ್ಪಗ ಮೊದಲ ನೀನ ಹೇಳು. ಊರ ಮುಂದ ಕೇಳಿದ್ರ ಆತನ ಜೀವ ನಿಲ್ಲೂದಿಲ್ಲ."

ಆದರೂ ಅವತ್ತು ಆಗಲಿಲ್ಲ. ಸೋಮವಾರ ಮುಂಜಾನೆ ಅಪ್ಪ ಜಳಕ ಮಾಡಿ ಹಿತ್ತಲಲ್ಲಿ ಕೂತು ಬುಟ್ಟಿಗೆ ಅರಿಷಿಣ ಹಚ್ಚುತ್ತಿದ್ದ. ಹೋಗಿ ಎದುರಿಗೆ ಕುಕ್ಕುರುಗಾಲಲ್ಲಿ ಕೂತೆ. ಎಲ್ಲ ಹೇಳಿದೆ. ಹೇಳುವಾಗ ಅವನ ಕೈ ನೋಡುತ್ತಿದ್ದೆ, ಮುಖ ನೋಡಲಿಲ್ಲ. ಕೈ ಒಂದು ಕಡೆ ನಿಂತೇ ಹೋಯಿತು.

"ಬ್ಯಾರೆ ಯಾರರ ಓದ್ಯಾರೇನು?"

"ನಮ್ಮ ಸರ್ ಓದ್ಯಾರ."

"ಊರಾಗ?"

"ಊರಾಗ ಯಾರಿಗೂ ಬರೂದಿಲ್ಲ."

ಅಪ್ಪ ಬುಟ್ಟಿಯನ್ನು ಬಾಜೂಕ ಇಟ್ಟ. "ಹಂಗಾದ್ರ ಇವತ್ತ ಒಂದ ದಿನ ದಾನ ಅಂತ ಓದಿಬಿಡವಾ. ಒಂದ ಮಾತು. ನಿನಗ ಮುಂದ ಏನ್ ಓದೂದೈತಿ ಓದು, ಪಿ.ಎಚ್.ಡಿ. ಮಾಡು. ನಾ ಬ್ಯಾಡ ಅಂದ್ರ ಕೇಳು" ಅಂದ. ನನ್ನಪ್ಪ ಯಾರ ಮುಂದೆಯೂ ಕೈ ಚಾಚಿದವನಲ್ಲ. ಅವತ್ತು ನನ್ನ ಮುಂದೆ ಬೇಡಿದ.

"ಅಪ್ಪಾ, ಇವತ್ತ ನಾ ಸುಳ್ಳ ಓದಿದೆ ಅಂತ ನಿನಗ ಗೊತ್ತಿರತೈತಿ. ನಾಳೆ ನಾ ಯಾವ ಕಾಗದಾ ಓದಿ ಹೇಳಿದ್ರೂ ನೀ ನಂಬತೀಯೇನು?"

ಅವನು ಅರಿಷಿಣದ ಕೈ ತೊಳೆದುಕೊಂಡ. ಎದ್ದು ಧೋತರ ಉಟ್ಟು, ಪಟಕಾ ಸುತ್ತಿ, ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಬುಟ್ಟಿ ಹಿಡಿದುಕೊಂಡು ಮುಂದೆ ನಡೆದ. ಓದು ಅಂದನೋ, ಓದಬ್ಯಾಡ ಅಂದನೋ, ನನಗೆ ತಿಳಿಯಲಿಲ್ಲ. ಅವ್ವ ನನ್ನ ಬೆನ್ನಿಗೆ ಬಂದಳು.

ಒಡ್ಡಿನ ಮೇಲೆ ಊರು ಕೂಡಿತ್ತು. ಚಪ್ಪಲಿಗಳ ರಾಶಿ ಕೆಳಗೆ. ತೆಂಕಣದ ಕಡೆ ಮೋಡ ಕಟ್ಟಿ, ಗಾಳಿ ನಿಂತು, ಮೈಯೆಲ್ಲ ಬೆವರು. ಹೊಸ ಕಲ್ಲು ಗೋಣಿಚೀಲ ಹೊದ್ದು ನಿಂತಿತ್ತು. ಶಿವಾನಂದ ಕಾಕಾ, "ಬಾರವಾ ಪಂಡಿತಿ, ಓದು ನೋಡೂಣು" ಅಂದ. ಅಪ್ಪ ನನ್ನ ಕಡೆ ನೋಡಲೇ ಇಲ್ಲ. ಕೆರೆಯ ಕಡೆ ಮುಖ ಮಾಡಿ ನಿಂತಿದ್ದ.

ಡಬ್ಬಿ ತೆರೆದೆ. ಬೇವಿನ ಎಲೆ ನೆಲಕ್ಕೆ ಉದುರಿದವು. ಕಾಗದ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದೆ. ಮುಚ್ಚಳಿಕೆ ಅಂದೆ. ಆಮೇಲೆ ನಿಲ್ಲಲಿಲ್ಲ. ಒಂದು ಸಾಲು ಮರಾಠಿಯಲ್ಲಿ, ಅದರ ಅರ್ಥ ಕನ್ನಡದಲ್ಲಿ. ಒಡ್ಡು ಒಡೆದದ್ದು, ಸವಳು ನೀರು, ಪಂಚರು, ಬರಿದಲೆ, ತುಂಬಿದ ಬುಟ್ಟಿ, ಕಾವಲುಗಾರನ ಕೂಗು. ಕುಂಕುಮದ ಕೆಳಗಿನ ಹೆಸರು ಬಂದಾಗ ನಾನು ದುರಗ್ಯಾ ಅಂತ ಓದಿ, "ಅಂದ್ರ ನಮ್ಮ ದುರಗವ್ವನ ಮಾವನ ಹಿರ್ಯಾರು, ದುರಗಪ್ಪ" ಅಂದೆ. ದುರಗವ್ವ ಕೂತಲ್ಲಿಂದ ಎದ್ದು ನಿಂತಳು.

ಓದಿ ಮುಗಿದ ಮೇಲೆ ಕಾಗದ ಮಡಿಚಿದೆ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಶಿವಾನಂದ ಕಾಕಾ ಅಪ್ಪನ ಕಡೆ ತಿರುಗಿದ. "ಅಲ್ಲಪಾ ಚನಬಸಪ್ಪಗೌಡ್ರ, ಇದು ಮಾನ ಅಲ್ಲ, ದಂಡ ಅಂದಂಗಾತು! ಹೋಗ್ಲಿ ಬಿಡ್ರಿ, ಯಾವ ಕಾಲದ್ದೋ ಏನೋ. ಇನ್ನ ಮ್ಯಾಲೆ ನಿಮಗ ಈ ಕಾಟ ಬ್ಯಾಡ. ಈ ವರ್ಷದಿಂದ ಮೊದಲ ಬುಟ್ಟಿ ಸರದಿ ಪ್ರಕಾರ ಹಾಕೂಣು. ಇವತ್ತ ನಮ್ಮ ಮನೀದ ಆಗ್ಲಿ" ಅಂದ. ಮಂದಿ ಹೌದು ಹೌದು ಅಂದರು. ಅವನ ಕೈಯಲ್ಲಿ ಬುಟ್ಟಿ ಆಗಲೇ ತಯಾರಿತ್ತು.

ನಾನು ಅಪ್ಪನನ್ನು ನೋಡಿದೆ. ಆ ನಿಮಿಷದ ಅಂಜಿಕೆ ಇಡೀ ಬೇಸಿಗೆಯ ಅಂಜಿಕೆಗಿಂತ ದೊಡ್ಡದಿತ್ತು. ಇವನು ಈಗ ಮನೆಗೆ ಹೋದರೆ ಮತ್ತೆ ಎಂದೂ ಊರೊಳಗೆ ತಲೆ ಎತ್ತಿ ತಿರುಗುವುದಿಲ್ಲ, ಅದಕ್ಕೆ ಕಾರಣ ನಾನು, ನನ್ನ ಓದು.

ಅಪ್ಪ ನಿಧಾನಕ್ಕೆ ತಿರುಗಿದ.

"ಸವಿತಾ, ಎಲ್ಲೀತನಕ ಹಾಕಬೇಕಂತ ಬರದೈತಿ?"

"ಕೆರ್‍ಯಾಗ ನೀರ ಇರೂತನಕ."

"ಯಾರು ಹಾಕಬೇಕಂತ?"

"ಅಂದಾನಗೌಡನ ವಂಶದವರು."

"ಕೇಳಿದಿಲ್ಲೋ ಶಿವಾನಂದ?" ಅಪ್ಪನ ದನಿ ಒಡೆದಿತ್ತು, ಆದರೆ ದೊಡ್ಡದಾಗಿಯೇ ಇತ್ತು. "ಮಾನ ಆಗಿದ್ರ ನಿನಗ ಬಿಟ್ಟುಕೊಡಬಹುದಿತ್ತು. ದಂಡ ಹೆಂಗ ಬಿಟ್ಟುಕೊಡ್ಲಿ? ಒಡ್ಡು ಒಡದವರು ನಾವು. ನೀ ಯಾಕ ಹಾಕಾವ? ಬಾಜು ಸರಿ." ಅಂದವನೇ ಪಟಕಾ ತೆಗೆದು ಅವ್ವನ ಕೈಗೆ ಕೊಟ್ಟ. ನೆರೆತ ಕೂದಲು ಬೆವರಿನಿಂದ ಹಣೆಗೆ ಅಂಟಿತ್ತು. ಬುಟ್ಟಿ ಎತ್ತಿ ಒಡ್ಡಿನ ಮೇಲೆ ಸುರಿದು ದುರಗವ್ವನ ಕಡೆ ನೋಡಿದ.

ದುರಗವ್ವ ಕೂಗಲಿಲ್ಲ.

ಬಿದ್ದ ಮಣ್ಣು ನೋಡಿದಳು. ಅಪ್ಪನ ಕಾಲು, ಅಪ್ಪನ ತಲೆ ನೋಡಿದಳು. ಕೋಲನ್ನು ಈ ಕೈಯಿಂದ ಆ ಕೈಗೆ ತಗೊಂಡು ನನ್ನನ್ನು ಕೇಳಿದಳು: "ತಂಗಿ, ತುಂಬಿದ ಬುಟ್ಟಿ ಅಂತ ಓದಿದ್ರಲ್ರಿ?"

"ಹೌದು."

"ಗೌಡ್ರ, ಸಿಟ್ಟಾಗಬ್ಯಾಡ್ರಿ. ಇದು ಹಿಡಿ ಮಣ್ಣ ಐತ್ರಿ."

ಖರೇನೇ ಇತ್ತು. ಅಷ್ಟು ವರ್ಷ ನಮ್ಮದು ಪೂಜೆಯ ಬುಟ್ಟಿ, ಶಾಸ್ತ್ರಕ್ಕೊಂದು ಹಿಡಿ ಮಣ್ಣು. ಯಾರಾದರೂ ಈಗ ದುರಗವ್ವನನ್ನು ಬೈಯುತ್ತಾರೆ ಅಂತ ನಾನು ಕಾದೆ. ಅಪ್ಪ ಆ ಹಿಡಿ ಮಣ್ಣನ್ನೇ ಒಂದು ಗಳಿಗೆ ನೋಡಿದ. ಒಡ್ಡಿನ ಅಂಚಿಗೆ ಯಾರದೋ ದೊಡ್ಡ ಬುಟ್ಟಿ ಇತ್ತು, ಅದನ್ನೂ ಸಲಿಕೆಯನ್ನೂ ತಗೊಂಡು ಮೆಟ್ಟಿಲಿಳಿದು ಕೆರೆಯೊಳಗೆ ಹೋದ. ಹೊಸ ಧೋತರ ಕೆಸರಾಯಿತು. ಎಲ್ಲರೂ ನೋಡುತ್ತಿದ್ದರು. ಹೂಳು ತುಂಬಿದ, ಮೇಲೊಂದು ಸಲಿಕೆ ಹಾಕಿದ, ಎತ್ತಲಿಕ್ಕೆ ಬಗ್ಗಿದ. ಬುಟ್ಟಿ ಮೊಳಕಾಲಿನ ತನಕ ಬಂದು ಮತ್ತೆ ಕೆಳಗೆ ಕೂತಿತು. ಇನ್ನೊಮ್ಮೆ ಎತ್ತಿದ, ಇನ್ನೊಮ್ಮೆ ಕೂತಿತು. ಒಡ್ಡಿನ ಮೇಲಿನಿಂದ ಇಬ್ಬರು ಗಂಡಸರು ಇಳಿಯಲಿಕ್ಕೆ ಬಂದರು. ಅಪ್ಪ ಅಲ್ಲಿಂದಲೇ ಕೈ ಅಡ್ಡ ಮಾಡಿ ಬ್ಯಾಡ ಅಂದ.

ಕಾಗದವನ್ನು ದುರಗವ್ವನ ಕೈಗೆ ಕೊಟ್ಟು ನಾನು ಇಳಿದೆ. ಕೆಸರಿನಲ್ಲಿ ಕಾಲು ಹೂತವು. ಬುಟ್ಟಿಯ ಒಂದು ಬಾಜು ನಾನು ಹಿಡಿದೆ, ಒಂದು ಬಾಜು ಅಪ್ಪ. ಮೆಟ್ಟಿಲು ಹತ್ತುವಾಗ ಅಪ್ಪ ಏದುಸಿರಿನಲ್ಲಿ, ನನಗಷ್ಟೇ ಕೇಳುವಂತೆ, "ಮಗಳು ಹಿಡೀಬಾರದಂತ ಏನರ ಬರದೈತೇನು?" ಅಂತ ಕೇಳಿದ.

"ಇಲ್ಲಪ್ಪಾ. ವಂಶದವರು ಅಂತಷ್ಟ ಐತಿ. ಎರಡೆರಡ ಸಲ ನೋಡೇನಿ."

"ಹಂಗಾದ್ರ ಗಟ್ಟಿ ಹಿಡಿ" ಅಂದ.